ಗೂಡಿಗೆ ಬಂದ ಎರಡು ಮರಿ

ಅತ್ತೆ ತೀರಿಕೊಂಡು ಹದಿನಾರು ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಅವರಿಬ್ಬರೂ ಇನ್ನೂ ದೊಡ್ಡ ಸೊಸೆ, ಚಿಕ್ಕ ಸೊಸೆಯೇ. ದೊಡ್ಡವಳಿಗೆ ಅರವತ್ತೆರಡು, ಚಿಕ್ಕವಳಿಗೆ ಐವತ್ತು ದಾಟಿತ್ತು. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಂಡಿದ್ದರು. ಹಿತ್ತಿಲಿಗೆ ಮಾತ್ರ ಗೋಡೆ ಬಂದಿರಲಿಲ್ಲ. ಗಾರೆಯವನು ದಾರ ಹಿಡಿದು ಅಳೆಯಲು ಬಂದ ದಿನ ದೊಡ್ಡವಳು ಅಡ್ಡ ನಿಂತು, "ನನ್ನ ಕೋಳಿಗಳಿಗೆ ಪಾಲುಪತ್ರ ಓದೋಕೆ ಬರಲ್ಲಪ್ಪ, ಹೋಗು" ಎಂದು ಕಳಿಸಿಬಿಟ್ಟಿದ್ದಳು.

ಅವಳು ಆಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದವಳು. ಕೆಲಸ ಬಿಟ್ಟ ಮೇಲೆ ಕೋಳಿ ಸಾಕುವುದಕ್ಕೆ ಶುರುಮಾಡಿದ್ದಳು. ಆ ಸಲ ಕೆಂಪು ಹೇಂಟೆ ಹನ್ನೊಂದು ಮರಿ ಮಾಡಿತ್ತು. ಅದರಲ್ಲಿ ನಾಲ್ಕನ್ನು ಮಗಳಿಗೆ ಕೊಡುವುದೆಂದು ಮಾತಾಗಿತ್ತು. ಮಗಳು ಹೊಸ ಮನೆಯ ಹಿತ್ತಿಲಲ್ಲಿ ಗೂಡು ಕಟ್ಟಿಸಿಕೊಂಡು ಕಾಯುತ್ತಿದ್ದಳು.

ಮರಿಗಳಿಗೆ ತಿಂಗಳು ತುಂಬುವ ಹೊತ್ತಿಗೆ ದೊಡ್ಡವಳ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಬ್ಯಾಗು ಹಿಡಿದು ಹೊರಟವಳು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಚಿಕ್ಕವಳ ಬಾಗಿಲಲ್ಲಿ ನಿಂತಳು.

"ಮೂರು ದಿನ ಕಣೇ. ನಿನ್ನ ಗುಂಡಿ ಕಾಜ ಎಲ್ಲಾ ಆಮೇಲೆ. ನೀರು ಬದಲಾಯಿಸ್ತಿರು."

"ಹೋಗಿ ಬನ್ನಿ ಅಕ್ಕ, ನಿಮ್ಮ ಮರಿಗಳನ್ನ ಯಾರೂ ಕದಿಯಲ್ಲ."

ಮಾರನೆಯ ದಿನ ಚಿಕ್ಕವಳು ದಾರದುಂಡೆ ತರಲು ಮಾರ್ಕೆಟ್ಟಿಗೆ ಹೋದಳು. ಅಂಗಡಿಯ ಪಕ್ಕದಲ್ಲೊಬ್ಬ ಪಂಜರವಿಟ್ಟುಕೊಂಡು ಮರಿ ಮಾರುತ್ತಿದ್ದ. ಎಲ್ಲಾ ಮಾರಿ ಎರಡೇ ಉಳಿದಿದ್ದವು, ಎರಡೂ ಬೂದು ಚುಕ್ಕಿಯವು. ಅಕ್ಕ ಚುಕ್ಕಿ ಕೋಳಿ ಬೇಕು ಎಂದು ಎಷ್ಟು ಸಲ ಅಂದಿರಲಿಲ್ಲ! ಕಣ್ಣಿನ ಪಟ್ಟಿ ಬಿಚ್ಚಿದಾಗ ಮೊದಲು ಇವನ್ನೇ ನೋಡಲಿ ಎಂದುಕೊಂಡಳು. ಒಂದರ ಕಣ್ಣಿನ ಮೂಲೆಯಲ್ಲಿ ಸೋಪಿನ ನೊರೆಯಂಥ ಗುಳ್ಳೆ ಇತ್ತು. "ಧೂಳಮ್ಮ, ಬೇರೇನಿಲ್ಲ" ಎಂದ ಮಾರುವವನು. ಕರವಸ್ತ್ರದಿಂದ ಒರೆಸಿದಳು, ಹೋಯಿತು. ಸಂಜೆ ಕೋಳಿಗಳೆಲ್ಲ ಗೂಡು ಸೇರುವ ಹೊತ್ತಿಗೆ ಎರಡನ್ನೂ ಮೆಲ್ಲಗೆ ಹೇಂಟೆಯ ಪಕ್ಕಕ್ಕೆ ಸರಿಸಿದಳು. ಬೆಳಗ್ಗೆ ನೋಡಿದರೆ ಹದಿಮೂರೂ ಒಂದೇ ಬಟ್ಟಲಲ್ಲಿ ನೀರು ಕುಡಿಯುತ್ತಿದ್ದವು.

ದೊಡ್ಡವಳು ಆಪರೇಷನ್ ಆದ ಕಣ್ಣಿಗೆ ಪಟ್ಟಿ, ಮೇಲೊಂದು ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಇನ್ನೊಂದು ಕಣ್ಣಿಗೆ ಮೊದಲೇ ಮಂಜು. ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದು ಹೇಳಿ ಕಳಿಸಿದ್ದರು. ಚುಕ್ಕಿ ಮರಿಯ ಸುದ್ದಿ ಕೇಳಿ ಹಿಗ್ಗಿದಳು, ಹಿಗ್ಗಿಗೇ ಒಂದಿಷ್ಟು ಬೈದಳು. ಹಿತ್ತಿಲ ಬಾಗಿಲಲ್ಲಿ ಸ್ಟೂಲು ಹಾಕಿಸಿಕೊಂಡು ಕೂತಳು. ಎರಡು ದಿನ ಕಳೆದಿರಲಿಲ್ಲ, ಕೂತಲ್ಲೇ ತಲೆ ಓರೆ ಮಾಡಿದಳು.

"ಯಾವುದೋ ಸೀನ್ತಿದೆ ಕಣೇ."

"ಕಾಳಿನ ಧೂಳಿರಬೇಕು ಅಕ್ಕ."

"ಧೂಳಿನ ಸೀನು ನನಗೆ ಗೊತ್ತಿಲ್ವಾ? ಇದು ಕಫದ್ದು. ಗೊರಗೊರ ಅಂತಿದೆ, ಕೇಳು. ನನಗೆ ಕಾಣಲ್ಲ, ನೀನೇ ನೋಡಿ ಹೇಳು. ಮೂಗು ಒದ್ದೆ ಇದೆಯಾ? ಕಣ್ಣಲ್ಲಿ ನೊರೆ ಇದೆಯಾ?"

ಚಿಕ್ಕವಳು ಬಗ್ಗಿದಳು. ಚುಕ್ಕಿ ಮರಿಯ ಕಣ್ಣು ಮತ್ತೆ ನೊರೆಗಟ್ಟಿತ್ತು. ಅದರ ಪಕ್ಕದಲ್ಲಿ ಹೇಂಟೆಯ ಮರಿಯೊಂದು ಕೊಕ್ಕು ತೆರೆದು, ಕತ್ತು ಚಾಚಿ ಉಸಿರೆಳೆಯುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದಳು.

"ಇಲ್ಲ ಅಕ್ಕ. ಚೆನ್ನಾಗೇ ಇವೆ."

ಯಾಕೆ ಹಾಗಂದಳೋ ಅವಳಿಗೇ ತಿಳಿಯಲಿಲ್ಲ. ನಾಳೆಗೆ ಸರಿಹೋದೀತು ಅನ್ನುವ ಆಸೆ ಒಂದು, ತಂದವಳು ತಾನು ಅನ್ನುವ ಭಯ ಒಂದು. ಅರಿಶಿನದ ನೀರಲ್ಲಿ ಕದ್ದು ಕಣ್ಣು ತೊಳೆದಳು. ಎರಡು ದಿನ ಹಾಗೇ ದೂಡಿದಳು. ಮೂರನೆಯ ಬೆಳಗ್ಗೆ ತಂದ ಮರಿಗಳಲ್ಲೊಂದು ಗೂಡಿನ ಮೂಲೆಯಲ್ಲಿ ಸೆಟೆದುಕೊಂಡು ಬಿದ್ದಿತ್ತು. ಆರು ಮರಿಗಳು ಗರಿ ಉಬ್ಬಿಸಿ ನಿಂತಿದ್ದವು.

ಪಶು ಆಸ್ಪತ್ರೆಯ ಡಾಕ್ಟರು ಮಗಳ ವಯಸ್ಸಿನ ಹುಡುಗಿ. ಮನೆಗೇ ಬಂದಳು. ಮರಿಯನ್ನು ಕಿವಿಗೆ ಹಿಡಿದು ಉಸಿರು ಕೇಳಿದಳು, ಗೂಡಿಗೆ ಮೂಗಿಟ್ಟು ಮುಖ ಕಿವುಚಿದಳು.

"ಹಾಸಿದ ಹೊಟ್ಟು ಒದ್ದೆಯಾಗಿ ಘಾಟು ಹೊಡೀತಿದೆ. ಮೊದಲು ಅದನ್ನ ತೆಗೀರಿ. ರೋಗದವು ಬೇರೆ, ಚೆನ್ನಾಗಿರೋವು ಬೇರೆ. ಈ ಔಷಧಿ ಐದು ದಿನ ಕುಡಿಯೋ ನೀರಿಗೆ. ಹೊಸ ಮರಿ ಏನಾದ್ರೂ ತಂದ್ರಾ?"

"ಎರಡು ತಂದಿದ್ಲು," ಎಂದಳು ದೊಡ್ಡವಳು. "ಚೆನ್ನಾಗೇ ಇದ್ವಂತೆ."

ಡಾಕ್ಟರು ಚಿಕ್ಕವಳನ್ನು ನೋಡಿದಳು. ಚಿಕ್ಕವಳು ಔಷಧಿ ಚೀಟಿ ಓದುತ್ತಿದ್ದಳು.

"ಚೆನ್ನಾಗಿ ಕಂಡ್ರೂ ಎರಡು ಮೂರು ವಾರ ಬೇರೆ ಇಡಬೇಕಿತ್ತು. ಇನ್ನೊಂದು ಮಾತು. ಬದುಕಿ ಉಳಿದವೂ ರೋಗ ಒಳಗೇ ಇಟ್ಕೊಂಡಿರ್ತಾವೆ. ಅವನ್ನ ಯಾರಿಗೂ ಕೊಡ್ಬೇಡಿ."

ಆಮೇಲಿನ ಐದು ದಿನ ಚಿಕ್ಕವಳು ಮೆಷಿನ್ ಮುಟ್ಟಲಿಲ್ಲ. ಶಾಲೆಯ ಯೂನಿಫಾರ್ಮುಗಳು ಕತ್ತರಿಸಿಟ್ಟ ಹಾಗೇ ಬಿದ್ದಿದ್ದವು. ಸ್ಟೂಲಿನ ಮೇಲಿನಿಂದ ದೊಡ್ಡವಳು ಹೇಳುವುದು, ಇವಳು ಮಾಡುವುದು: ಬಿಸಿನೀರಿನ ಹತ್ತಿಯಿಂದ ಮೂಗಿನ ತೂತು ಒರೆಸು, ಎದೆ ಒತ್ತದ ಹಾಗೆ ನೆಟ್ಟಗೆ ಹಿಡಿ, ಕೊಕ್ಕಿನ ಅಂಚಿಗೆ ಹನಿ ಬಿಡು, ಆತುರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ. ಒಂದೊಂದನ್ನೂ ತನ್ನ ಮಡಿಲಿಗೆ ಹಾಕಿಸಿಕೊಂಡು ದೊಡ್ಡವಳು ಬೆನ್ನಿನ ಮೇಲೆ ಬೆರಳಿಡುತ್ತಿದ್ದಳು. "ಇದು ಸಂಜೆವರೆಗೂ ಇರಲ್ಲ," ಅನ್ನುತ್ತಿದ್ದಳು. ಅಂದದ್ದು ಒಂದೂ ತಪ್ಪಲಿಲ್ಲ. ಒಂದೊಂದಾಗಿ ಎಂಟು ಹೋದವು. ಮಣ್ಣು ಮಾಡಿ ಬಂದಾಗಲೆಲ್ಲ ದೊಡ್ಡವಳು ಅವಳ ಕೈ ಸವರಿ, "ನೀನಿಲ್ಲದಿದ್ರೆ ನನ್ನ ಗತಿ ಏನಿತ್ತೇ" ಅನ್ನುವಳು. ಆ ಮಾತು ಚಿಕ್ಕವಳಿಗೆ ಕಾದ ಸೂಜಿಯ ಹಾಗೆ ಚುಚ್ಚುತ್ತಿತ್ತು.

ಎಂಟನೆಯದನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅವಳು ಸ್ಟೂಲಿನ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

"ಅಕ್ಕ, ತರುವಾಗಲೇ ಒಂದರ ಕಣ್ಣಲ್ಲಿ ನೊರೆ ಇತ್ತು. ಒರೆಸಿಬಿಟ್ಟೆ. ನೀವು ಕೇಳಿದ ದಿನಾನೂ ಇತ್ತು."

ದೊಡ್ಡವಳ ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ.

"ತಂದಿದ್ದು ತಪ್ಪಲ್ಲ," ಎಂದಳು. "ನೀನು ಆಸೆಪಟ್ಟು ತಂದೆ. ಆದ್ರೆ ಕಾಣಲ್ಲ ಅಂತ ನಿನ್ನ ಕೇಳಿದ್ನಲ್ಲೇ. ನಿನ್ನ ಕಣ್ಣನ್ನೇ ನನ್ನ ಕಣ್ಣು ಅಂದ್ಕೊಂಡಿದ್ದೆ. ಎರಡು ದಿನ. ಎರಡು ದಿನ ಮೊದಲೇ ಔಷಧಿ ಬಿದ್ದಿದ್ರೆ..."

"ಬೈದುಬಿಡಿ ಅಕ್ಕ. ನಾಲ್ಕು ಹೊಡೀರಿ."

"ಶಕ್ತಿ ಇಲ್ಲ. ಹೋಗು, ಕೈ ತೊಳ್ಕೊ."

ನಾಲ್ಕು ಬದುಕಿದವು. ಹೇಂಟೆಯ ಮರಿ ಮೂರು. ನಾಲ್ಕನೆಯದು, ಕಣ್ಣಲ್ಲಿ ನೊರೆ ತಂದಿದ್ದ ಅದೇ ಚುಕ್ಕಿ. ಎಲ್ಲಕ್ಕಿಂತ ದಷ್ಟಪುಷ್ಟವಾಗಿ ಬೆಳೆದದ್ದೂ ಅದೇ. ಯಾರಿಗಾದರೂ ಕೊಯ್ಯಲು ಕೊಟ್ಟುಬಿಡೋಣ ಎಂದು ಚಿಕ್ಕವಳು ಕೇಳಿದಾಗ ದೊಡ್ಡವಳು, "ಅದೇನು ಮಾಡ್ತು ಪಾಪ" ಎಂದಳು, ಅಷ್ಟೆ. ಪಟ್ಟಿ ಬಿಚ್ಚಿ ಹೊಸ ಕನ್ನಡಕ ಬಂದ ಮೇಲೆ ದಿನಾ ಬೆಳಗ್ಗೆ ತಾನೇ ಒಂದೊಂದು ಕೋಳಿಯನ್ನೂ ಎತ್ತಿ, ಬೆಳಕಿಗೆ ಹಿಡಿದು, ಕಣ್ಣು ಮೂಗು ನೋಡುತ್ತಿದ್ದಳು. ಚಿಕ್ಕವಳನ್ನು ಕರೆಯುತ್ತಿರಲಿಲ್ಲ. ಎದುರಾದರೆ ಮಾತಾಡುತ್ತಿದ್ದಳು, ಊಟವಾಯಿತಾ ಎಂದು ಕೇಳುತ್ತಿದ್ದಳು. ಪಕ್ಕದ ಬೀದಿಯ ಯಾರನ್ನಾದರೂ ಕೇಳುವ ಹಾಗೆ.

ಒಂದು ಭಾನುವಾರ ಚಿಕ್ಕವಳು ನೀರಿನ ಬಟ್ಟಲುಗಳನ್ನು ತೊಳೆದು ತರುತ್ತಿದ್ದಳು. ಒಳಗೆ ದೊಡ್ಡವಳು ಮಗಳ ಜೊತೆ ಫೋನಿನಲ್ಲಿದ್ದಳು.

"ಇಲ್ಲ ಮಗಳೇ, ಈ ಸಲ ಕೊಡೋಕಾಗಲ್ಲ. ನೋಡೋಕೆ ಚೆನ್ನಾಗಿವೆ, ಒಳಗೆ ರೋಗ ಇರುತ್ತಂತೆ... ಎಲ್ಲಿಂದ ಬಂತೋ ಯಾರಿಗೆ ಗೊತ್ತು, ಗಾಳೀಲಿ ಬಂದಿರಬೇಕು... ಚಿಕ್ಕಮ್ಮನಾ? ಅವಳನ್ನ ಯಾಕೆ ಅಂತೀಯ? ಅವಳೇ ಹಗಲೂ ರಾತ್ರಿ ನೋಡ್ಕೊಂಡಿದ್ದು. ಅವಳ ಸುದ್ದಿಗೆ ಹೋಗ್ಬೇಡ."

ಫೋನಿಟ್ಟು ತಿರುಗಿದವಳಿಗೆ ಬಾಗಿಲಲ್ಲಿ ನಿಂತಿದ್ದ ಚಿಕ್ಕವಳು ಕಂಡಳು. ದೊಡ್ಡವಳು ಮುಂದೆ ಬಂದು ಅವಳ ಕೈಯಿಂದ ಬಟ್ಟಲುಗಳನ್ನು ತೆಗೆದುಕೊಂಡು, ಒಂದೊಂದನ್ನೂ ಬೆಳಕಿಗೆ ಎತ್ತಿ ನೋಡಿ, ಹಿತ್ತಿಲ ಬಿಸಿಲಿಗೆ ಬೋರಲು ಹಾಕತೊಡಗಿದಳು.