ಬೇವಿನೆಣ್ಣೆಯ ಬಾಟಲಿ

“ಇಲ್ಲೇ ಇಟ್ಟಿದ್ದೆನಲ್ಲ, ಎಲ್ಲಿ ಹೋಯ್ತು ಆ ಬೇವಿನೆಣ್ಣೆ?”

ಜೋರಾಗಿಯೇ ಕೇಳಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಮೈಸೂರಿನಿಂದ ನೈರೋಬಿಯ ಮಗನ ಮನೆಗೆ ಬರುವಾಗ ಸೀರೆಯ ಮಡಿಕೆಯಲ್ಲಿ ಸುತ್ತಿ ತಂದ ಬಾಟಲಿ ಅದು. ಹತ್ತು ತಿಂಗಳ ಮೊಮ್ಮಗ ಅಮೋಘ್ ಸದಾ ಹೆಬ್ಬೆರಳು ಚೀಪುತ್ತಿದ್ದ. ಬೆರಳಿಗೆ ಕಹಿ ಹಚ್ಚಿ ಬಿಡಿಸಬೇಕೆಂದೇ ತಂದಿದ್ದೆ.

ಸೊಸೆ ಊರ್ಮಿಳಾಗೆ ಇದಕ್ಕೆ ಒಪ್ಪಿಗೆಯಿರಲಿಲ್ಲ. ನನ್ನೊಡನೆ ವಾದ ಮಾಡುವ ಬದಲು, ರಿವರ್‌ಸೈಡ್ ಬಡಾವಣೆಯ ಇದೇ ಕಟ್ಟಡದ ಕೆಳಮನೆಯಲ್ಲಿರುವ ಮಕ್ಕಳ ಡಾಕ್ಟರು ಫಿಲೋಮಿನಾ ಅವರನ್ನು ಚಹಾಕ್ಕೆ ಕರೆದುಬಿಟ್ಟಳು. ಮಂಗಳೂರಿನವರು. ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತಂತೆ.

“ಏನಮ್ಮಾ, ಮಗುವಿನ ಬೆರಳಿನ ಮೇಲೆ ಯುದ್ಧ ಸಾರಿದ್ದೀರಂತೆ?” ನಗುತ್ತಲೇ ಕೇಳಿದರು.

“ಹಲ್ಲು ಉಬ್ಬಾಗುತ್ತೆ ಡಾಕ್ಟ್ರೇ. ಆಮೇಲೆ ತಂತಿ ಕಟ್ಟೋರು ನೀವೇ ತಾನೆ?”

“ಅದು ಹಲ್ಲಿನ ಡಾಕ್ಟ್ರ ಪಾಲು ಮಾರಾಯ್ರೆ, ನನಗೇನೂ ಸಿಗುದಿಲ್ಲ! ನೋಡಿ, ಈ ವಯಸ್ಸಿಗೆ ಬೆರಳು ಚೀಪುವುದು ರೋಗ ಅಲ್ಲ. ನಿದ್ದೆ ಬಂದಾಗ, ಹೆದರಿದಾಗ ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ತದೆ. ಎರಡರಿಂದ ನಾಲ್ಕು ವರ್ಷದೊಳಗೆ ಹೆಚ್ಚಿನ ಮಕ್ಕಳು ತಾವೇ ಬಿಡ್ತಾರೆ. ಆಮೇಲೂ ಬಿಡದಿದ್ರೆ ಹಲ್ಲಿನ ಡಾಕ್ಟ್ರಿಗೆ ತೋರಿಸಿ. ಬೇವಿನೆಣ್ಣೆ ಮಾತ್ರ ಬೇಡವೇ ಬೇಡ. ಎಳೆಮಗುವಿನ ಹೊಟ್ಟೆಗೆ ಹೋದ್ರೆ ಜೀವಕ್ಕೇ ಅಪಾಯ ಆಗಬಹುದು.”

“ಹಾಗಾದ್ರೆ ಸುಮ್ಮನೆ ನೋಡ್ತಾ ಕೂರೋದಾ?”

“ಕೈ ತೊಳೆಯಿರಿ, ಉಗುರು ಕತ್ತರಿಸಿ. ಹಸಿವಾ, ನಿದ್ದೆಯಾ ನೋಡಿ. ಎತ್ತಿಕೊಳ್ಳಿ. ಸಂಜೆ ನೀವು ಮನಸ್ಸಿನ ಸಮಾಧಾನಕ್ಕೆ ಸ್ತೋತ್ರ ಹೇಳ್ತೀರಲ್ಲ, ಕೆಳಗೆ ನಮಗೂ ಕೇಳ್ತದೆ. ಯಾರಾದರೂ ಬಂದು ನಿಮ್ಮ ಬಾಯಿ ಮುಚ್ಚಿದ್ರೆ ಹೇಗಾಗ್ತದೆ?”

ಚಿಕ್ಕಂದಿನಲ್ಲಿ ಅಪ್ಪ ಪದ್ಯ ಓದುವಾಗ ಅಮ್ಮನ ಸೆರಗಿನ ತುದಿ ಚೀಪುತ್ತ ಕೇಳುತ್ತಿದ್ದವಳು ನಾನು. ಯಾರೂ ಅದನ್ನು ನನ್ನ ಬಾಯಿಂದ ಕಿತ್ತಿರಲಿಲ್ಲ.

ಆದರೆ ಅಮೋಘನ ಅಕ್ಕ, ಮೊಮ್ಮಗಳು ಅಮೂಲ್ಯ ಮೂರು ವರ್ಷದವಳಿದ್ದಾಗ ನಾನು ಇದೇ ಎಣ್ಣೆ ಹಚ್ಚಿದ್ದೆ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಮಗು ಚೀರಿ ಅತ್ತಿತ್ತು. “ಅಳಲಿ ಬಿಡು, ಚಟ ಹೋದರೆ ಸಾಕು” ಅಂದಿದ್ದೆ. ಬೆರಳು ಬಿಟ್ಟಳು. ನನ್ನ ತೊಡೆಯನ್ನೂ ಬಿಟ್ಟಳು. ಈಗ ಅವಳಿಗೆ ಏಳು ವರ್ಷ. ನಾನು ಕೈ ಚಾಚಿದರೆ ತನ್ನ ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾಳೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಓದುವ ತಾಯಂದಿರೇ, ನನ್ನಂಥ ಅಜ್ಜಿಯರೇ: ಕಹಿ ಎಣ್ಣೆ ಬೇಡ, ಮೆಣಸಿನಪುಡಿ ಬೇಡ, ಹಂಗಿಸುವ ಮಾತೂ ಬೇಡ. ಮಗು ಬೆರಳು ಬಾಯಿಗಿಟ್ಟರೆ ಹತ್ತಿರ ಕೂತು ಒಂದು ಹಾಡು ಹೇಳಿ. ಬೆರಳು ತಾನಾಗಿ ಬಿಟ್ಟುಹೋಗುತ್ತದೆ. ನಾವು ಹುಟ್ಟಿಸಿದ ಹೆದರಿಕೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಡಾಕ್ಟರು ಹೋದ ಮೇಲೆ ಮಕ್ಕಳ ಕೋಣೆಗೆ ಹೋದೆ. ತಮ್ಮನ ತೊಟ್ಟಿಲಿಗೆ ಅಡ್ಡಲಾಗಿ ಅಮೂಲ್ಯ ನಿಂತಿದ್ದಳು. ಬೆನ್ನ ಹಿಂದಿನ ಕೈಯಲ್ಲಿ ನನ್ನ ಬಾಟಲಿ.

“ಕೊಡು ಪುಟ್ಟಿ. ದೇವರಾಣೆ, ಹಚ್ಚಲ್ಲ. ಚೆಲ್ಲಿಬಿಡ್ತೀನಿ.”

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ನನಗೆ ಸರಿಯಾಗಿ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಹೇಳಿದಳು.

“ಕೊಡಲ್ಲ.”