ಹಂಪವ್ವನ ಹೆಸರಿನ ಮಗ್ಗುಲಲ್ಲಿ

ನಾನು ಒಂದು ಕರಿಹಲಗೆ. ಇಳಕಲ್ಲಿನ ಬಡಿಗೇರ ಮೌನಪ್ಪನವರು ಬೇವಿನ ಹಲಗೆಗಳನ್ನು ಜೋಡಿಸಿ, ಇದ್ದಿಲಪುಡಿಗೆ ತೊಂಡೆ ಎಲೆಯ ರಸ ಕಲಸಿ ತಿಕ್ಕಿ ನನಗೆ ಬಣ್ಣ ಕೊಟ್ಟರು. ಅವರ ಅಂಗೈಯ ಬಿಸಿ ನನಗಿನ್ನೂ ನೆನಪಿದೆ.

ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುವ ಕಂದಗಲ್ಲ ಮಾಸ್ತರರ ಪಾಲಿಗೆ ಬಂದೆ. ಒಂದು ದಿನ ಅವರು ನನ್ನ ಮೇಲೆ ಎರಡು ವಾಕ್ಯ ಬರೆದರು. ರಾಜಾಸಾಬ್ ನಮ್ಮ ಪೋಸ್ಟ್‌ಮನ್. ರಾಜಾಸಾಬ್ ಸೈಕಲ್ ಹೊಡೆಯುತ್ತಾನೆ.

“ಹೆಸರು ಎರಡು ಸಲ ಯಾಕ? ಅಂವ ಯಾರು ಅನ್ನೂದನ್ನ ಹೆಸರಿನ ಮಗ್ಗಲಕ್ಕ ಕುಂಡ್ರಸ್ರಿ. ಆಕಡೆ ಈಕಡೆ ಕಾಮಾ ಹಾಕ್ರಿ. ಎರಡೂ ಕೂಡಿ ಒಂದ ಆಕ್ಕಾವ” ಎಂದರು. ‘ರಾಜಾಸಾಬ್, ಅವರ್ ಪೋಸ್ಟ್‌ಮನ್, ರೈಡ್ಸ್ ಎ ಸೈಕಲ್’ ಎಂದು ಬರೆದು ತೋರಿಸಿದರು. ಆಮೇಲೆ ದಾನೇಶ್ವರಿ ಎಂಬ ಹುಡುಗಿಯನ್ನು ಕರೆದು, ಮನೆಯವರ ಬಗ್ಗೆ ಅಂಥದ್ದೇ ಒಂದು ಬರೆಯಲು ಹೇಳಿದರು.

ದಾನೇಶ್ವರಿಗೆ ಹೆತ್ತ ತಾಯಿ ಇರಲಿಲ್ಲ. ತಂದೆ ಮತ್ತೆ ಮದುವೆಯಾಗಿದ್ದರು. ಸೀರೆ ನೇಯುವ ಹಂಪವ್ವ ಮನೆಗೆ ಬಂದಾಗಿನಿಂದ ಹುಡುಗಿ ಆಕೆಯನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ.

ಅವಳು ಬರೆದಳು: ‘ಹಂಪವ್ವ, ಮೈ ಫಾದರ್ಸ್ ವೈಫ್, ವೀವ್ಸ್ ಸ್ಯಾರೀಸ್.’

“ಬರೋಬ್ಬರಿ ಐತಿ” ಎಂದರು ಮಾಸ್ತರು.

ಆದರೂ ಅವಳು ಹೋಗಿ ಕೂಡಲಿಲ್ಲ. ಆಮೇಲೆ ಕಾಮಾಗಳ ನಡುವಿನದನ್ನು ಅಂಗೈಯಿಂದ ಒರೆಸಿ ‘ಮೈ ಮದರ್’ ಎಂದು ಬರೆದಳು.

ಅಷ್ಟರಲ್ಲಿ ಬಾಗಿಲಲ್ಲಿ ಹಂಪವ್ವ ಕಾಣಿಸಿಕೊಂಡಳು. ಹುಡುಗಿ ಬಿಟ್ಟುಬಂದ ರೊಟ್ಟಿಯ ಬುತ್ತಿ ತಂದಿದ್ದಳು.

“ಏನ್ ಬರದಾಳ್ರಿ ಮಾಸ್ತರ?”

“ನಿಮ್ಮ ಸುದ್ದೀನ. ಓದಿ ಹೇಳವಾ, ದಾನೇಶ್ವರಿ.”

ದಾನೇಶ್ವರಿ ನನ್ನ ಕಡೆಗೇ ಮುಖ ಮಾಡಿ ಹೇಳಿದಳು: “ಹಂಪವ್ವ, ನಮ್ಮವ್ವ, ಸೀರಿ ನೇಯ್ತಾಳ.”

ಹಂಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬುತ್ತಿಯನ್ನು ಹುಡುಗಿಯ ಕೈಗಿಟ್ಟು, “ರೊಟ್ಟಿ ಆರತಾವ, ಲಗೂನ ಉಣ್ಣು” ಎಂದಳು.

“ಹೂಂ, ಅವ್ವಾ.”

ಮಾಸ್ತರು ಅಂದು ನನ್ನನ್ನು ಒರೆಸಲಿಲ್ಲ. ಮರುದಿನ ಗಣಿತದವರು ಬಂದು ಒರೆಸಿದರು. ನನಗೆ ಬೇಸರವಾಗಲಿಲ್ಲ. ಆ ಮಾತು ಆಗಲೇ ಮನೆಗೆ ಹೋಗಿತ್ತು.

ಗೋಡೆಗೆ ಹೊಸ ಹಸಿರು ಹಲಗೆ ಬಂದ ಮೇಲೆ ನಾನು ಬಿಸಿಯೂಟದ ಕೋಣೆ ಸೇರಿದೆ. ಮೂಲೆ ಸೀಳಿದೆ, ಕಪ್ಪು ಮಾಸಿದೆ. ದಿನವೂ ಅಡುಗೆಯಾಕೆ ನನ್ನ ಮೇಲೆ ಇಂದಿನ ಊಟ ಏನೆಂದು ಬರೆಯುತ್ತಾಳೆ. ಮಕ್ಕಳು ಓಡಿಬಂದು ಓದಿ ನಗುತ್ತಾರೆ. ನನ್ನ ಮೇಲೆ ಯಾವುದೂ ಉಳಿಯುವುದಿಲ್ಲ, ನಿಜ. ಓದಿದವರೊಳಗೆ ಉಳಿಯುತ್ತದೆ. ನನಗೆ ಅಷ್ಟು ಸಾಕು.