ಹೋಗೋಣ, ಬೇಡ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆ ತುಂಬಿಹೋಗಿ, ಹಲ್ಲಕ್ಕ ಅದರ ಕೆಳಗೆ ಇನ್ನೊಂದು ಹಾಳೆ ಅಂಟಿಸಿದಳು. ಅವತ್ತು ಗುರುವಾರ. ಉತ್ತರ ಕೊಡಲು ಉಳಿದಿದ್ದದ್ದು ಒಂದೇ ದಿನ. ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ; ಎಡಕ್ಕೆ ‘ಹೋಗೋಣ’, ಬಲಕ್ಕೆ ‘ಬೇಡ’. ಎಣಿಸಿದರೆ ಆ ಕಡೆ ಹತ್ತೊಂಬತ್ತು ಕಾರಣ, ಈ ಕಡೆಯೂ ಹತ್ತೊಂಬತ್ತೇ. ಅಲ್ಲ, ನಾಲ್ಕು ಜನ ಸೇರಿ ನಾಲ್ಕು ದಿನ ತಲೆ ಕೆಡಿಸಿಕೊಂಡು ಬರೆದ ಪಟ್ಟಿ, ಯಾವುದಾದರೂ ಒಂದು ಕಡೆಗೆ ಒಂದಿಷ್ಟು ವಾಲಬಾರದೇ? ಅವಳಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಹಲ್ಲಕ್ಕ ಅನ್ನುವುದು ಬೀದಿಯವರು ಇಟ್ಟ ಹೆಸರು. ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವಳು ಪ್ಲಾಸ್ಟರಿನ ಅಚ್ಚು ಎರೆದು, ಗುಲಾಬಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಅದನ್ನು ಹಾಕಿಕೊಂಡು ನಗುವವರು ಡಾಕ್ಟರಿಗೆ ಕೈಮುಗಿದು ಹೋಗುತ್ತಾರೆ. ಹೋಗಲಿ, ಅದಕ್ಕೆ ಅವಳಿಗೆ ಬೇಜಾರಿಲ್ಲ. ಬೇಜಾರು ಬೇರೆಯದು. ಎರಡು ವರ್ಷದಿಂದ ಪೂರ್ತಿ ಸೆಟ್ಟಿನ ಕೆಲಸವೆಲ್ಲ ದೊಡ್ಡ ಊರಿನ ಲ್ಯಾಬಿಗೆ ಹೋಗುತ್ತಿದೆ. ಇವಳ ಬೆಂಚಿಗೆ ಬರುವುದು ಬರೀ ರಿಪೇರಿ: ಬಚ್ಚಲಲ್ಲಿ ಜಾರಿ ಸೀಳಿದ್ದು, ನಾಯಿ ಕಚ್ಚಿದ್ದು, ದಿಂಬಿನ ಕೆಳಗಿಟ್ಟು ಮರೆತು ಅದರ ಮೇಲೆ ಯಾರೋ ಕೂತದ್ದು. ಹದಿನಾರು ವರ್ಷ ಪಳಗಿದ ಕೈ ಈಗ ಅಂಟು ಹಾಕುತ್ತ ಕೂತಿದೆ. ಇನ್ನೆರಡು ವರ್ಷ ಹೀಗೇ ಆದರೆ ಮೇಣ ಹಿಡಿಯುವುದೇ ಮರೆತುಹೋಗುತ್ತದೆ ಅಂತ ಅವಳಿಗೆ ನಿಜವಾದ ಭಯ.

ಅಂಥ ಹೊತ್ತಿನಲ್ಲಿ, ಆ ಸೋಮವಾರ, ಅದೇ ದೊಡ್ಡ ಊರಿನ ಲ್ಯಾಬಿನ ಮೇಡಂ ಫೋನ್ ಮಾಡಿದ್ದರು.

“ನಿಮ್ಮ ಕೆಲಸ ನೋಡಿದೀನಿ. ನಮ್ಮಲ್ಲಿ ಸೆಟ್ಟಿನ ವಿಭಾಗ ಪೂರ್ತಿ ನೀವೇ ನೋಡ್ಕೋಬೇಕು. ಕೈಕೆಳಗೆ ನಾಲ್ಕು ಜನ ಇರ್ತಾರೆ. ಶುಕ್ರವಾರದೊಳಗೆ ಹೇಳ್ಬಿಡಿ.”

ಬರ್ತೀನಿ ಅನ್ನುವ ಮಾತು ಹಲ್ಲಕ್ಕನ ನಾಲಿಗೆ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡು, “ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ ಮೇಡಂ” ಅಂದಳು.

ಮನೆಯಲ್ಲಿ ಕೇಳಿದಳು. ಕೇಳಿದ್ದೇ ತಪ್ಪಾಯಿತು.

ಅವಳ ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿರುವ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಪ್ಪತ್ತು ವರ್ಷ ಕಳೆದ ಮನುಷ್ಯ. ಒಳ್ಳೆಯವರು, ಇಲ್ಲ ಅನ್ನುವ ಹಾಗಿಲ್ಲ. ಜಗಳಕ್ಕೆ ಕರೆದರೂ ಬರುವವರಲ್ಲ, ಅದೇ ಬಂದ ತೊಂದರೆ.

“ನಿನಗೇನನ್ಸುತ್ತೆ?” ಅಂದರು ಮೇಷ್ಟ್ರು.

“ನೀವು ಹೇಳಿ.”

“ನಂದೇನಿದೆ? ಗಾಡಿ ಕಲಿಸೋನಿಗೆ ಎಲ್ಲ ಊರಲ್ಲೂ ಕೆಲಸ ಸಿಗುತ್ತೆ. ನೀನು ಹೇಳು.”

“ನಾನು ಹೇಳೋದು, ಆಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಲ್ಲರೂ ನನ್ನ ಕಡೆ ಬೆರಳು ತೋರಿಸೋದು. ಬೇಡಪ್ಪಾ ಬೇಡ. ನೀವೇ ಹೇಳಿ.”

ಅವಳು ಸುಮ್ಮಸುಮ್ಮನೆ ಹಾಗೆ ಹೇಳಿದ್ದಲ್ಲ. ಈಗಿರುವ ಮನೆಯನ್ನು ಹುಡುಕಿದ್ದು ಅವಳೇ. ಏಳು ವರ್ಷವಾಯಿತು, ನಲ್ಲಿ ಸೋರಿದರೂ ‘ನೀನು ಆರಿಸಿದ ಮನೆ’, ಮೇಲಿನವರು ಕುರ್ಚಿ ಎಳೆದರೂ ‘ನೀನು ಆರಿಸಿದ ಮನೆ’, ಮಳೆಗೆ ಕಿಟಕಿ ಬಿಗಿದುಕೊಂಡರೂ ‘ನೀನು ಆರಿಸಿದ ಮನೆ’. ತಮಾಷೆಗೆ ಹೇಳುತ್ತಾರೆ, ಸರಿ. ಆದರೆ ಏಳು ವರ್ಷದ ತಮಾಷೆಯನ್ನು ಯಾವ ಹೆಂಗಸು ತಾನೇ ಸಹಿಸುತ್ತಾಳೆ? ಒಂದು ಮನೆಗೇ ಇಷ್ಟಾದರೆ, ಒಂದು ಇಡೀ ಊರನ್ನು ಆರಿಸಿದ ಪಾಪಕ್ಕೆ ಏನೇನು ಕೇಳಬೇಕಾದೀತೋ. ಅದಕ್ಕೇ ಅವಳು ಗೆರೆ ಎಳೆದು ಹಾಳೆ ಅಂಟಿಸಿದ್ದು. ಎಲ್ಲರೂ ಬರೆಯಲಿ, ಪಟ್ಟಿಯೇ ತೀರ್ಮಾನ ಮಾಡಲಿ, ನಾಳೆ ಬೈಯುವುದಿದ್ದರೆ ಫ್ರಿಜ್ಜಿಗೆ ಬೈದುಕೊಳ್ಳಲಿ.

ಬರೆದರಪ್ಪಾ, ಬರೆದರು! ಒಂಬತ್ತನೇ ಕ್ಲಾಸಿನ ಮಗಳು ಮೊದಲ ದಿನ ‘ಬೇಡ’ದ ಕೆಳಗೆ ‘ನನ್ನ ಫ್ರೆಂಡ್ಸ್’ ಅಂತ ದಪ್ಪಗೆ ಬರೆದಳು. ಮಂಗಳವಾರ ಫ್ರೆಂಡ್ಸ್ ಜೊತೆ ಮುನಿಸಾಯಿತು. ಅದನ್ನು ಹೊಡೆದುಹಾಕಿ ‘ಹೋಗೋಣ’ದ ಕೆಳಗೆ ‘ಹೊಸ ಫ್ರೆಂಡ್ಸ್’ ಅಂತ ಬರೆದಳು. ಬುಧವಾರ ರಾಜಿಯಾಯಿತು, ಮತ್ತೆ ಮೊದಲಿನ ಜಾಗಕ್ಕೇ ಬಂದಳು.

ಮಾವನವರದ್ದು ಇನ್ನೊಂದು ಕಥೆ. “ನನ್ನನ್ನ ಯಾಕಮ್ಮಾ ಕೇಳ್ತೀಯ? ನನ್ನನ್ನ ಎಲ್ಲಿ ಇಟ್ರೂ ಇರ್ತೀನಿ” ಅಂದವರು, ಒಂದು ಗಂಟೆ ಬಿಟ್ಟು ಕನ್ನಡಕ ಹಾಕಿಕೊಂಡು ಬಂದು, ‘ಅಲ್ಲಿಯ ಮನೆಗಳಲ್ಲಿ ಬಚ್ಚಲ ಬಾಗಿಲು ಒಳಕ್ಕೆ ತೆರೆಯುತ್ತದಂತೆ’ ಅಂತ ಬರೆದರು. ಯಾರು ಹೇಳಿದರು ಅಂತ ಕೇಳಿದರೆ, ಕೇಳಿ ಗೊತ್ತು ಅಂದರು. ಮಾರನೆಯ ದಿನ, ‘ಅಲ್ಲಿ ನನಗೆ ಯಾರೂ ಗೊತ್ತಿಲ್ಲ’ ಅಂತ ಬಲಕ್ಕೆ ಬರೆದು, ಸ್ವಲ್ಪ ಯೋಚಿಸಿ, ‘ಇಲ್ಲಿಯೂ ಅಷ್ಟೇ’ ಅಂತ ಎಡಕ್ಕೆ ಬರೆದರು.

ಮೇಷ್ಟ್ರಂತೂ ಮಹಾನುಭಾವರು. ‘ಟ್ರಾಫಿಕ್ಕು ಜಾಸ್ತಿ’ ಅನ್ನುವುದನ್ನು ಎರಡೂ ಕಡೆ ಬರೆದಿದ್ದರು. ಯಾಕ್ರೀ ಅಂದರೆ, “ಓಡಾಡೋಕೆ ಕಷ್ಟ, ಅದಕ್ಕೆ ಆ ಕಡೆ. ಗಾಡಿ ಕಲಿಯೋರು ಜಾಸ್ತಿ ಸಿಗ್ತಾರೆ, ಅದಕ್ಕೆ ಈ ಕಡೆ. ನ್ಯಾಯವಾಗಿ ಬರೀಬೇಕಲ್ಲ” ಅಂದರು.

ನ್ಯಾಯವಂತೆ ನ್ಯಾಯ!

ಇನ್ನು ಹಲ್ಲಕ್ಕ ತಾನೇನು ಬರೆದಳು? ಬಾಡಿಗೆ, ನೀರು, ಸ್ಕೂಲು, ಮಾವನ ಮೊಣಕಾಲಿಗೆ ಲಿಫ್ಟು, ಮಗಳ ಪರೀಕ್ಷೆ, ಗಂಡನ ಬೆನ್ನುನೋವು, ಎಲ್ಲವನ್ನೂ ಬರೆದಳು. ‘ನನಗೆ ಹೋಗಬೇಕು’ ಅನ್ನುವ ಎರಡು ಪದ ಮಾತ್ರ ಯಾವ ಕಡೆಯೂ ಬರೆಯಲಿಲ್ಲ. ಅದು ಕಾರಣ ಅಂತ ಅವಳಿಗೆ ಅನ್ನಿಸಲೇ ಇಲ್ಲ.

ಶುಕ್ರವಾರ ಸಂಜೆ ಫೋನ್ ಮಾಡಿ, “ಮೇಡಂ, ಬುಧವಾರದ ತನಕ ಟೈಮ್ ಕೊಡಿ” ಅಂದಳು.

ಮೇಡಂ, “ಕೇಳಿದ್ದಕ್ಕೆ ಸರಿ ಅಂತೀನಿ. ಆದ್ರೆ ಜಾಗ ಹಿಡಿದಿಡೋಕೆ ಆಗಲ್ಲ ಕಣಮ್ಮ. ಅಷ್ಟರೊಳಗೆ ಯಾರಾದ್ರೂ ಬಂದ್ರೆ ಬಂದ್ರು” ಅಂದರು.

ಇವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಮೊದಲ ಅರ್ಧ ಕಿವಿಗೆ ಬಿತ್ತು, ಎರಡನೆಯ ಅರ್ಧ ಬೀಳಲಿಲ್ಲ.

ಆಮೇಲಿನ ದಿನಗಳಲ್ಲಿ ಮೇಷ್ಟ್ರು ಇನ್ನೊಂದು ಘನಕಾರ್ಯಕ್ಕೆ ಕೈಹಾಕಿದರು. ಕಾರು ಕಲಿಯಲು ಬಂದವರನ್ನೆಲ್ಲ ಅಭಿಪ್ರಾಯ ಕೇಳತೊಡಗಿದರು. ಕ್ಲಚ್ಚು ನಿಧಾನ ಬಿಡಿ, ಕನ್ನಡಿ ನೋಡಿ, ಅಂದ ಹಾಗೆ ನೀವಾಗಿದ್ರೆ ಹೋಗ್ತಿದ್ರಾ? ಪಾಪ, ಸ್ಟೀರಿಂಗ್ ಹಿಡಿದು ಬೆವರುತ್ತಿರುವವರು ಏನಂತಾರೆ? ಬಾಯಿಗೆ ಬಂದದ್ದು ಅಂದರು. ಮೇಷ್ಟ್ರು ಅದನ್ನೆಲ್ಲ ಹೊತ್ತು ತಂದು ಊಟದ ಹೊತ್ತಿಗೆ ಸುರಿದರು.

“ಬ್ಯಾಂಕಿನವರು ಹೋಗಿ ಅಂತಾರೆ. ಔಷಧಿ ಅಂಗಡಿಯವರು ಬೇಡವೇ ಬೇಡ ಅಂದ್ರು. ಆ ನರ್ಸಮ್ಮ ಮಾತ್ರ...”

“ರೀ, ನಮ್ಮನೆ ವಿಷಯ ಊರಿಗೆಲ್ಲ ಟಾಂಟಾಂ ಮಾಡ್ಕೊಂಡು ಬರ್ತಿದೀರಲ್ಲ, ನಿಮಗೆ ಬುದ್ಧಿ ಇದೆಯಾ?” ಹಲ್ಲಕ್ಕ ಚಮಚ ಕುಕ್ಕಿದಳು. “ನಾನು ಬಿಟ್ಟು ಹೋಗ್ತೀನಿ ಅಂತ ಕಿವಿಗೆ ಬಿದ್ದಿರಬೇಕು, ಇವತ್ತು ಡಾಕ್ಟರು ನನ್ನ ಮುಖ ನೋಡದೇ ಹೋದ್ರು. ಇರೋ ಕೆಲಸಕ್ಕೂ ಕಲ್ಲು ಹಾಕ್ತೀರಾ?”

“ಅಯ್ಯೋ, ನಾಲ್ಕು ಜನರನ್ನ ಕೇಳಿದ್ರೆ ಒಳ್ಳೇದಲ್ವೇನೇ?”

“ನಾಲ್ಕು ಜನ ಏನು ನಮ್ಮ ಸಾಮಾನು ಹೊರೋಕೆ ಬರ್ತಾರಾ? ನೀವೊಂದು ಮಾತು ಹೇಳಿ ಸಾಕು. ಹೋಗೋಣ ಅನ್ನಿ. ಇಲ್ಲ, ಬೇಡ ಅನ್ನಿ. ಏನಾದ್ರೂ ಅನ್ನಿ!”

“ನಿನಗೇನನ್ಸುತ್ತೆ, ಮೊದಲು ಹೇಳು.”

“ನೀವು ಹೇಳಿ!”

ಮಾವ ತಟ್ಟೆ ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಹೀಗೆ ಶನಿವಾರ ಹೋಯಿತು, ಭಾನುವಾರ ಹೋಯಿತು, ಸೋಮವಾರ, ಮಂಗಳವಾರಗಳೂ ಹೋದವು. ಮೀನಮೇಷ ಎಣಿಸುವುದಕ್ಕೂ ಒಂದು ಮಿತಿ ಬೇಡವೇ? ಪಟ್ಟಿ ಎರಡನೆಯ ಹಾಳೆಯ ಅರ್ಧಕ್ಕೆ ಬಂದು ನಿಂತಿತ್ತು. ಇಪ್ಪತ್ತಾರು, ಇಪ್ಪತ್ತಾರು.

ಬುಧವಾರ ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಹಲ್ಲಕ್ಕ ತಾನು ಕೆಲಸ ಮಾಡುವ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದಳು. ಉತ್ತರ ಹೇಳಲು ಅಂದುಕೊಂಡಿರಾ? ಅಲ್ಲ, ಇನ್ನೆರಡು ದಿನ ಕೇಳಲು.

“ಅಯ್ಯೋ, ನಾನೇ ಫೋನ್ ಮಾಡಬೇಕಿತ್ತು ನಿಮಗೆ” ಅಂದರು ಮೇಡಂ. “ಆ ಜಾಗ ತುಂಬಿಹೋಯ್ತಮ್ಮ. ನಿಮ್ಮ ಊರಿನ ಹುಡುಗೀನೇ. ನಿನ್ನೆ ಬೆಳಿಗ್ಗೆ ಫೋನ್ ಮಾಡಿದ್ಲು. ನಾನು ಎಲ್ಲ ವಿವರಿಸಿ ಹೇಳ್ತಾ ಇದ್ರೆ, ‘ಅದೆಲ್ಲ ಇರಲಿ ಮೇಡಂ, ಯಾವತ್ತು ಬರಲಿ ಹೇಳಿ’ ಅಂದ್ಲು. ನಿಮ್ಮಷ್ಟು ಕೈ ಇಲ್ಲ ಅವಳಿಗೆ, ಗೊತ್ತು. ಆದ್ರೆ ನನಗೂ ಕೆಲಸ ನಡೀಬೇಕಲ್ಲ.”

“ಪರವಾಗಿಲ್ಲ ಮೇಡಂ” ಅಂದಳು ಹಲ್ಲಕ್ಕ. “ನಮ್ಮನೇಲೂ ಇನ್ನೂ ಏನೂ ತೀರ್ಮಾನ ಆಗಿರ್ಲಿಲ್ಲ.”

ಫೋನ್ ಇಟ್ಟಳು. ಹತ್ತು ದಿನದಿಂದ ತನಗೆ ಏನು ಬೇಕು ಅಂತ ಗೊತ್ತಿಲ್ಲ ಅಂದುಕೊಂಡಿದ್ದವಳಿಗೆ ಈಗ ಚೆನ್ನಾಗಿ ಗೊತ್ತಾಯಿತು. ಆ ಬೆಂಚು ಬೇಕಿತ್ತು. ದಿನವಿಡೀ ಮೇಣದ ವಾಸನೆ ಬೇಕಿತ್ತು. ‘ಈ ಹಲ್ಲು ಒಂದು ಕೂದಲಷ್ಟು ಒಳಕ್ಕೆ ಬರಲಿ’ ಅಂತ ನಾಲ್ಕು ಜನಕ್ಕೆ ಹೇಳುವ ಅಧಿಕಾರ ಬೇಕಿತ್ತು. ಅವಳು ಒಳಗೆ ಹೋಗಿ ರಿಪೇರಿಗೆ ಬಂದ ಒಂದು ಸೆಟ್ಟನ್ನು ಕೈಗೆತ್ತಿಕೊಂಡು, ಬೆಸುಗೆಯ ಅಂಚನ್ನು ಉಜ್ಜಿದಳು, ಉಜ್ಜಿದಳು, ನೋಡುವಷ್ಟರಲ್ಲಿ ಅದು ತೂತಾಗಿತ್ತು. ಹದಿನಾರು ವರ್ಷದಲ್ಲಿ ಒಮ್ಮೆಯೂ ಆಗದ ಕೆಲಸ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಅವಳು ಉಜ್ಜುವ ಯಂತ್ರದ ಪೆಡಲನ್ನು ಒದ್ದಳು.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಹಾಲ್ ತುಂಬ ಖಾಲಿ ರಟ್ಟಿನ ಡಬ್ಬಗಳು. ಮೇಷ್ಟ್ರು ನಡುವೆ ನಿಂತು ಒಂದು ಡಬ್ಬದ ತಳಕ್ಕೆ ಟೇಪು ಹಚ್ಚುತ್ತಿದ್ದರು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವರ ಮುಖದಲ್ಲಿ ಅಷ್ಟು ಗೆಲುವನ್ನು ಅವಳು ನೋಡಿದ್ದು ಕಡಿಮೆ.

“ಹೋಗೋಣ ಕಣೇ!” ಅಂದರು. “ಮುಗೀತು. ನಾನೇ ಹೇಳ್ತಿದೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನನ್ನ ಬೈಕೋ.”

ಹಲ್ಲಕ್ಕ ಬ್ಯಾಗನ್ನು ಕೆಳಗಿಡಲಿಲ್ಲ. “ಏನು ಇದ್ದಕ್ಕಿದ್ದ ಹಾಗೆ?”

“ಒಬ್ಬಳು ಹುಡುಗಿ ಕಾರು ಕಲಿಯೋಕೆ ಬರ್ತಿದ್ಲು. ನಿನ್ನ ಕೆಲಸಾನೇ ಕಣೇ, ಮಾರ್ಕೆಟ್ ಹಿಂದಿನ ಲ್ಯಾಬಲ್ಲಿ. ಇದೇ ಲೈನಿನವಳು ಅಂತ ಸೋಮವಾರ ಅವಳಿಗೆ ಎಲ್ಲ ಬಿಡಿಸಿ ಹೇಳ್ದೆ. ಪಟ್ಟಿ ಪೂರ್ತಿ ಹೇಳ್ದೆ, ಬಚ್ಚಲ ಬಾಗಿಲೂ ಬಿಡಲಿಲ್ಲ. ಅವಳು ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿ, ‘ಇಷ್ಟು ಯೋಚನೆ ಮಾಡೋಕೆ ಏನಿದೆ ಸಾರ್? ನಾನಾಗಿದ್ರೆ ಇವತ್ತೇ ಹೋಗ್ತಿದ್ದೆ’ ಅಂದ್ಲು. ನನಗೆ ಕಪಾಳಕ್ಕೆ ಹೊಡೆದ ಹಾಗಾಯ್ತು. ಎರಡು ದಿನ ಅದೇ ಯೋಚನೆ. ಇವತ್ತು ತಡೀಲಿಲ್ಲ, ಡಬ್ಬ ತಂದೇಬಿಟ್ಟೆ.”

“ಯಾವ ಲ್ಯಾಬು ಅಂತ ಹೇಳಿದ್ರಾ ಅವಳಿಗೆ?”

“ಹೇಳ್ದೆ. ಪಾಪ, ಆಸಕ್ತಿಯಿಂದ ಕೇಳಿದ್ಲು. ಆ ಮೇಡಂ ನಂಬರೂ ತಗೊಂಡ್ಲು. ನಿನ್ನ ಪರವಾಗಿ ಒಂದು ಮಾತು ಹಾಕ್ತಾಳೇನೋ ಅಂತ ನಾನು...” ಮೇಷ್ಟ್ರು ಅವಳ ಮುಖ ನೋಡಿ ಅಲ್ಲಿಗೇ ನಿಂತರು. ಟೇಪಿನ ತುದಿ ಅವರ ಹೆಬ್ಬೆರಳಿಗೆ ಅಂಟಿಕೊಂಡಿತ್ತು. “ಏನಾಯ್ತೇ?”

“ಅವಳೇ ಹೋಗ್ತಿದಾಳೆ” ಅಂದಳು ಹಲ್ಲಕ್ಕ. “ನನ್ನ ಜಾಗಕ್ಕೆ.”

ಮೇಷ್ಟ್ರು ಅಯ್ಯೋ ಅಂತ ತಲೆ ಮೇಲೆ ಕೈಹೊತ್ತು ಕೂತರು. ಮಾವ ಕೋಣೆಯಿಂದ ಅರ್ಧ ಹೊರಗೆ ಬಂದು ಅಲ್ಲೇ ನಿಂತರು.

ಹತ್ತು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಈಗ ಒಮ್ಮೆಲೇ ಹೊರಗೆ ಬಂತು. “ನನಗೆ ಹೋಗಬೇಕಿತ್ತು ರೀ! ಆ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತು ಗೊತ್ತಾ ನಿಮಗೆ?”

ಮೇಷ್ಟ್ರು ತಲೆಯೆತ್ತಿದರು. ಅವರ ದನಿಯಲ್ಲಿ ಮೊನಚಿರಲಿಲ್ಲ, ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು.

“ಇದನ್ನ ಮೊದಲ ದಿನಾನೇ ಹೇಳಬಾರದಿತ್ತೇನೇ? ಇಷ್ಟು ಹೇಳಿದ್ದಿದ್ರೆ ಅವತ್ತೇ ಹೊರಟುಬಿಡ್ತಿದ್ವಲ್ಲ.”

“ನೀವು ಕೇಳಿದ್ರಾ?” ಅಂತ ಕೂಗಲು ಅವಳು ಬಾಯಿ ತೆರೆದಳು. ಕೇಳಿದ್ದರು. ದಿನಾ ಕೇಳಿದ್ದರು. ದಿನಾ ಅವಳು ‘ನೀವು ಹೇಳಿ’ ಅಂದಿದ್ದಳು.

ಅಷ್ಟು ಹೊತ್ತಿಗೆ ಮಗಳು ಸ್ಕೂಲಿನ ಬ್ಯಾಗು ಹೊತ್ತು ಒಳಗೆ ಬಂದಳು. ಡಬ್ಬಗಳನ್ನು ನೋಡಿದಳು, ಅಪ್ಪನನ್ನು ನೋಡಿದಳು, ತಾತನನ್ನು ನೋಡಿದಳು.

“ಅಮ್ಮಾ, ಹಾಗಾದ್ರೆ ನಾವು ಹೋಗ್ತಿದೀವಾ?”

ಈ ಸಲ ಉತ್ತರ ಹೇಳಲು ಹಲ್ಲಕ್ಕನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

“ಇಲ್ಲ” ಅಂದಳು.